‘ಹಾಲ್ಬ್ ದ್ರೈ’ ಅಂದರೆ ಮೂರೂವರೆ ಅಲ್ಲ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದ ಮೂರನೇ ವಾರ. ಅಮ್ಮ ಹಾಸನದಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಳಿಸಿದ್ದರು. ಮೊಬೈಲ್‌ನಲ್ಲಿ ನೋಡಿದರೆ ‘ತ್ಸೂಗೆಷ್ಟೆಲ್ಟ್’ ಅಂತ ಬರುತ್ತಿತ್ತು. ತಲುಪಿಸಿ ಆಯ್ತು ಅಂತ ಅರ್ಥ. ಯಾರಿಗೆ ತಲುಪಿಸಿದರೋ, ನನಗಂತೂ ಅಲ್ಲ.

ಆಗ ನನಗೆ ಬಾಯಿಪಾಠ ಆಗಿದ್ದದ್ದು ಒಂದೇ ವಾಕ್ಯ. ‘ವೋ ಇಸ್ಟ್ ಮೈನ್ ಪಾಕೇಟ್?’ ನನ್ನ ಪಾರ್ಸೆಲ್ ಎಲ್ಲಿ? ಕೊರಿಯರ್‌ನವರಿಗೆ ಫೋನ್ ಮಾಡಿ ತಡವರಿಸದೆ ಕೇಳಿಬಿಟ್ಟೆ. ಅದೇ ಎಡವಟ್ಟಾಯಿತು. ಇವನಿಗೆ ಜರ್ಮನ್ ಚೆನ್ನಾಗಿ ಬರುತ್ತೆ ಅಂದುಕೊಂಡು ಆ ಕಡೆಯವರು ಪಟಪಟ ಅಂತ ಅರ್ಧ ನಿಮಿಷ ಮಾತಾಡಿದರು. ನನಗೆ ತಿಳಿದದ್ದು ಕೊನೆಯ ‘ಚ್ಯೂಸ್’ ಮಾತ್ರ. ಅಂದರೆ, ಬರ್ತೀನಿ.

ಅವತ್ತೇ ಕಲಿಯೋ ದಾರಿ ತಿರುಗಿಸಿದೆ. ಪ್ರಶ್ನೆ ಎರಡು ಸಾಕು, ಅವರು ಕೊಡಬಹುದಾದ ಉತ್ತರಗಳನ್ನು ಮೊದಲು ಕಲಿಯಬೇಕು. ಪಾರ್ಸೆಲ್ ವಿಷಯದಲ್ಲಿ ಉತ್ತರ ತಾನೇ ಎಷ್ಟಿರುತ್ತೆ? ‘ಬೈಮ್ ನಾಖ್‌ಬಾರ್ನ್’, ಪಕ್ಕದ ಮನೆಯಲ್ಲಿದೆ. ‘ಇನ್ ಡೇರ್ ಫಿಲಿಯಾಲೆ’, ಅಂಗಡಿ ಥರದ ಶಾಖೆಯಲ್ಲಿದೆ, ಹೋಗಿ ತಗೊಳ್ಳಿ. ‘ಬೈಮ್ ತ್ಸೊಲ್’, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ. ‘ಆಉಸ್‌ವೈಸ್’ ಅಂದರೆ ಗುರುತಿನ ಚೀಟಿ ತನ್ನಿ. ಈ ನಾಲ್ಕು ಪದ ಕಿವಿಗೆ ಬಿದ್ದರೆ ಮುಕ್ಕಾಲು ಕೆಲಸ ಆದ ಹಾಗೆ.

ಸಂಖ್ಯೆ ಮಾತ್ರ ಇವತ್ತಿಗೂ ಕಾಟ. ನಾವು ನಲವತ್ತು ಹೇಳಿ ಆಮೇಲೆ ಏಳು ಸೇರಿಸುತ್ತೇವೆ. ಇವರು ಮೊದಲು ಏಳು, ಆಮೇಲೆ ನಲವತ್ತು: ‘ಜೀಬೆನ್-ಉಂಡ್-ಫಿರ್ತ್ಸಿಶ್’. ಪಾರ್ಸೆಲ್ ನಂಬರ್ ಬರೆದುಕೊಳ್ಳುವಾಗ 47 ಇದ್ದದ್ದು ನನ್ನ ಚೀಟಿಯಲ್ಲಿ 74 ಆಗಿತ್ತು. ಈಗ ಮೊದಲೇ ‘ಬಿಟ್ಟೆ ಐನ್‌ತ್ಸೆಲ್ನ್’ ಅಂತೀನಿ. ದಯವಿಟ್ಟು ಒಂದೊಂದೇ ಅಂಕಿ ಹೇಳಿ ಅಂತ. ಫೋನಿನಲ್ಲಿ ‘ತ್ಸ್ವೋ’ ಅಂದರೆ ಗಾಬರಿ ಬೇಡ, ಅದು ಎರಡೇ. ‘ತ್ಸ್ವೈ’ ಅಂದರೆ ಮೂರರ ‘ದ್ರೈ’ ಥರ ಕೇಳಿಸುತ್ತೆ ಅಂತ ಹಾಗನ್ನುತ್ತಾರೆ.

ಸರಿ, ಚಟ್ನಿಪುಡಿ ಕಥೆಗೆ ಬರ್ತೀನಿ. ಅಂಚೆಪೆಟ್ಟಿಗೆಯಲ್ಲಿ ಜಾಹೀರಾತು ಕಾಗದಗಳ ನಡುವೆ ಕೊರಿಯರ್‌ನವರು ಬಿಟ್ಟುಹೋದ ಒಂದು ಚೀಟಿ ಸಿಕ್ಕಿತು. ಗೀಚಿದ ಅಕ್ಷರದಲ್ಲಿ ಯಾರದೋ ಹೆಸರು. ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರಲ್ಲ, ಕೆಳಗಿನ ಕಾಲಿಂಗ್ ಬೆಲ್ ಪಕ್ಕ ಇರುವ ಹೆಸರೇ ವಿಳಾಸ. ನನ್ನ ಬೆಲ್ ಮೇಲೆ ಹಳೇ ಬಾಡಿಗೆದಾರನ ಹೆಸರೇ ಇತ್ತು! ಪಾರ್ಸೆಲ್ ತಂದವನು ಪಾಪ ಏನು ಮಾಡಿಯಾನು? ಹೊಸದಾಗಿ ಬಂದವರು ಜರ್ಮನ್ ಕಲಿಯೋದಕ್ಕೂ ಮೊದಲು ಬೆಲ್ ಮೇಲಿನ ಹೆಸರು ಬದಲಾಯಿಸಿ.

ಹೆಸರು ಹಿಡಿದು ಮೂರನೇ ಮಹಡಿಗೆ ಹೋದೆ. ವಯಸ್ಸಾದ ಒಬ್ಬರು ಬಾಗಿಲು ತೆರೆದರು. ಕಂಠಪಾಠ ಒಪ್ಪಿಸಿದೆ: ‘ಹಾಬೆನ್ ಜೀ ಐನ್ ಪಾಕೇಟ್ ಫ್ಯೂರ್ ಮಿಶ್ ಆಂಗೆನೊಮ್ಮೆನ್?’ ನನಗೆ ಬಂದ ಪಾರ್ಸೆಲ್ ನೀವು ತೆಗೆದಿಟ್ಟಿದ್ದೀರಾ? ‘ಆಹ್, ಪೆಕ್ಲೆ!’ ಅಂದರು. ಈ ಕಡೆಯ ಶ್ವೇಬಿಷ್ ಮಾತಿನಲ್ಲಿ ಎಲ್ಲದರ ಬಾಲಕ್ಕೂ ಒಂದು ‘ಲೆ’ ಅಂಟುತ್ತೆ, ನಾವು ಪ್ರೀತಿಯಿಂದ ಪುಟ್ಟ ಅಂದ ಹಾಗೆ. ಪುಸ್ತಕದ ಜರ್ಮನ್ ಅಲ್ಲಿಗೆ ಮುಗಿಯಿತು. ಅವರು ಎಲ್ಲಿಗೋ ಹೊರಟಿದ್ದರು. ‘ಮೋರ್ಗೆನ್, ಹಾಲ್ಬ್ ದ್ರೈ’ ಅಂದರು. ನಾಳೆ, ಅರ್ಧ, ಮೂರು. ಮೂರೂವರೆ ಅಲ್ವಾ ಅಂದುಕೊಂಡೆ.

ಮರುದಿನ ಮೂರೂವರೆಗೆ ಹೋದರೆ ಬೀಗ. ಮೂರಕ್ಕೆ ಇನ್ನೂ ಅರ್ಧ ಗಂಟೆ ಇದೆ ಅನ್ನೋದು ಇವರ ಲೆಕ್ಕ, ಅಂದರೆ ಎರಡೂವರೆ. ಅದರ ಮುಂದಿನ ದಿನ ಪಾರ್ಸೆಲ್ ಕೊಡುವಾಗ ಅವರು ಡಬ್ಬಕ್ಕೆ ಮೂಗು ಹಿಡಿದು ಏನೋ ಕೇಳಿದರು. ಇಂಗಿಗೆ ಜರ್ಮನ್‌ನಲ್ಲಿ ಏನಂತಾರೋ ನಾನು ಕಲಿತಿರಲಿಲ್ಲ. ಅಲ್ಲೇ ಡಬ್ಬ ಬಿಚ್ಚಿ, ಅಂಗೈಗೆ ಒಂದು ಚಿಟಿಕೆ ಚಟ್ನಿಪುಡಿ ಹಾಕಿದೆ.