ಪುಣೆಯ ಮಳೆಗಾಲದಲ್ಲಿ 5780 ಪಟ್ಟೆಯ ನಕ್ಷೆ ಮಾಡುವ ಬಗೆ

ಮಳೆಗಾಲದಲ್ಲಿ ಜುನ್ನರ್ ಹತ್ತಿರದ ಗಿರವಲಿಯಲ್ಲಿರುವ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಆಯುಕಾದ 2 ಮೀಟರ್ ದೂರದರ್ಶಕಕ್ಕೂ ಬಿಡುವು. ಡಿಐಬಿ, ಅಂದರೆ ತಾರೆಗಳ ಬೆಳಕಿನಲ್ಲಿ ಕಾಣುವ 5780ರಂಥ ಪಟ್ಟೆಗಳು, ಆಕಾಶದಲ್ಲಿ ಎಲ್ಲೆಲ್ಲಿ ಎಷ್ಟಿವೆ ಎಂಬ ನಕ್ಷೆಗೆ ಅದು ಅಡ್ಡಿಯಲ್ಲ. ಬೇಕಾದ ರೋಹಿತಗಳು ಯುರೋಪಿನ ದಕ್ಷಿಣ ವೀಕ್ಷಣಾಲಯದ (ಈಎಸ್‌ಓ) ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪೈಥಾನ್ ಬಲ್ಲ, ಪುಣೆಯಲ್ಲಿ ಎಮ್ಮೆಸ್ಸಿ ಓದುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಹೇಳಿ ಮಾಡಿಸಿದ ಕೆಲಸ.

ತಾರೆಗಳ ನಡುವಿನ ಅನಿಲ, ಧೂಳಿನ ಮೋಡ ದಾಟಿ ಬಂದ ಬೆಳಕಿನಲ್ಲಿ ಮೂಡುವ ಅಗಲವಾದ ಹೀರಿಕೆ ಪಟ್ಟೆಗಳೇ ಡಿಐಬಿ. 5780, 5797 ಆಂಗ್‌ಸ್ಟ್ರಾಂ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ತರಂಗಾಂತರದ ಪಟ್ಟೆಗಳನ್ನು ಮೇರಿ ಲೀ ಹೆಗರ್ 1922ರಲ್ಲಿ ವರದಿ ಮಾಡಿದರು. ಈಗ 500ಕ್ಕೂ ಹೆಚ್ಚು ಗೊತ್ತಿವೆ. ಯಾವ ಅಣುವಿನದೆಂದು ಗಟ್ಟಿಯಾಗಿ ಗುರುತು ಸಿಕ್ಕಿದ್ದು 60 ಕಾರ್ಬನ್ ಪರಮಾಣುಗಳ ಚೆಂಡಿನಂಥ ಸಿ60 ಅಯಾನಿನ ಕೆಲವೇ ಪಟ್ಟೆಗಳಿಗೆ. ಅವು 9577ರ ಆಸುಪಾಸಿನಲ್ಲಿವೆ, ಅಲ್ಲಿ ಭೂಮಿಯ ನೀರಾವಿಯ ಕಾಟ. 6283ಕ್ಕೆ ಆಮ್ಲಜನಕದ ಕಾಟ. 5780ರಿಂದ ಶುರು ಮಾಡುವುದೇ ಸುಖ.

ಓ ಮತ್ತು ಬಿ ವರ್ಗದ, ಅಂದರೆ ತುಂಬ ಬಿಸಿಯಾದ, ವೇಗವಾಗಿ ತಿರುಗುವ ತಾರೆಗಳನ್ನೇ ಆರಿಸಿ. ತಣ್ಣನೆಯ ತಾರೆಗಳ ಸ್ವಂತ ಗೆರೆಗಳು ಪಟ್ಟೆಯನ್ನು ಮುಚ್ಚಿಬಿಡುತ್ತವೆ. ಸಿಗ್ನಲ್-ನಾಯ್ಸ್ ಅನುಪಾತ 100ಕ್ಕೆ ಕಡಿಮೆ ಬೇಡ. ಗಾಯಾ ನೌಕೆ ಅಳೆದ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ತಾರೆ ಓಲಾಡಿದಂತೆ ಕಾಣುವ ಕೋನ) ಅದರ ದೋಷದ 10 ಪಟ್ಟಾದರೂ ಇದ್ದರೆ ನೇರವಾಗಿ ದೂರ ಲೆಕ್ಕ ಹಾಕಬಹುದು.

ತರಂಗಾಂತರ ಗಾಳಿಯದೋ ನಿರ್ವಾತದ್ದೋ ಫೈಲಿನ ಹೆಡರ್‌ನಲ್ಲಿ ನೋಡಿ. ಇಲ್ಲಿ ವ್ಯತ್ಯಾಸ 1.6 ಆಂಗ್‌ಸ್ಟ್ರಾಂ. ಭೂಮಿಯ ಚಲನೆಯ ತಿದ್ದುಪಡಿ ಕೆಲವು ಫೈಲುಗಳಲ್ಲಿ ಆಗಿರುತ್ತದೆ, ಕೆಲವುಗಳಲ್ಲಿ ಇಲ್ಲ. ಬಿಟ್ಟುಹೋದರೆ 0.6ರವರೆಗೆ ಜಾರುತ್ತದೆ.

ನಕ್ಷೆ ಹಾಳಾಗುವುದು ಬಹುಮಟ್ಟಿಗೆ ಕಂಟಿನ್ಯೂಯಂ, ಅಂದರೆ ಪಟ್ಟೆ ಇಲ್ಲದಿದ್ದರೆ ಬೆಳಕು ಇರುತ್ತಿದ್ದ ಮಟ್ಟದ ಗೆರೆ, ಎಳೆಯುವಾಗ. 5780ರ ಕೆಳಗೆ, 5778ರ ಸುತ್ತ, ಆಳವಿಲ್ಲದ ಅಗಲ ಪಟ್ಟೆಯೊಂದಿದೆ. ಗೆರೆಯನ್ನು ದೂರದಿಂದ ಎಳೆದರೆ ಅದೂ ಅಳತೆಗೆ ಸೇರುತ್ತದೆ. ಪಟ್ಟೆಯ ಎರಡೂ ಬದಿ ಹತ್ತಿರದ ಕಿಟಕಿಗಳನ್ನು ಗೊತ್ತು ಮಾಡಿ, ಎಲ್ಲ ತಾರೆಗಳಿಗೂ ಅವನ್ನೇ ಬಳಸಿ. 5 ಆಂಗ್‌ಸ್ಟ್ರಾಂ ಅಗಲಕ್ಕೆ ಕಂಟಿನ್ಯೂಯಂ ಶೇ. 0.5 ತಪ್ಪಿದರೆ ಸಮಾನ ಅಗಲ (ಪಟ್ಟೆ ಹೀರಿದ ಒಟ್ಟು ಬೆಳಕಿನ ಅಳತೆ) 25 ಮಿಲಿ ಆಂಗ್‌ಸ್ಟ್ರಾಂ ಕೆಡುತ್ತದೆ. ಪಿಕ್ಸೆಲ್ 0.03 ಆಂಗ್‌ಸ್ಟ್ರಾಂ, ಸಿಗ್ನಲ್-ನಾಯ್ಸ್ ಅನುಪಾತ 100 ಇದ್ದಾಗ ನಾಯ್ಸ್‌ನ ಪಾಲು ಬರೀ 4 ಮಿಲಿ ಆಂಗ್‌ಸ್ಟ್ರಾಂ. ಆದ್ದರಿಂದ ಕಿಟಕಿಗಳನ್ನು ತುಸು ಸರಿಸಿ ಮೂರು ಸಲ ಅಳೆಯಿರಿ, ಬರುವ ಹರವನ್ನೂ ದೋಷಕ್ಕೆ ಸೇರಿಸಿ.

ಕೆಂಪೇರಿಕೆ (ಧೂಳಿನಿಂದ ತಾರೆಯ ಬೆಳಕು ಕೆಂಪಾಗುವುದು) 1 ಮ್ಯಾಗ್ನಿಟ್ಯೂಡ್ ಇದ್ದರೆ 5780 ಸುಮಾರು 500 ಮಿಲಿ ಆಂಗ್‌ಸ್ಟ್ರಾಂ ಬರಬೇಕು. ಬರದಿದ್ದರೆ ಮೊದಲು ನಿಮ್ಮ ಕಂಟಿನ್ಯೂಯಂ ಅನುಮಾನಿಸಿ, ಆಮೇಲೆ ಮೋಡವನ್ನು. ಸಿಗ್ಮಾ ಸ್ಕಾರ್ಪಿಯ ದಿಕ್ಕಿನಂತೆ ನೇರಳಾತೀತ ಬೆಳಕು ಜೋರಾಗಿ ಬೀಳುವ ಕಡೆ 5780 ಉಳಿದು 5797 ಸೊರಗುತ್ತದೆ. ಝೀಟಾ ಒಫಿಯೂಕಿಯ ಕಡೆ 5797ರ ಪಾಲು ಹೆಚ್ಚು. ಎರಡರ ಅನುಪಾತದ್ದೂ ಒಂದು ನಕ್ಷೆ ಮಾಡಿಡಿ, ಅದೇ ಹೆಚ್ಚು ಮಾತಾಡುತ್ತದೆ.

ಪಟ್ಟೆ ಕಾಣದ ತಾರೆಗಳನ್ನು ಕಿತ್ತೆಸೆಯಬೇಡಿ, ಸೊನ್ನೆಯನ್ನೂ ಬರೆಯಬೇಡಿ. ದೋಷದ ಮೂರು ಪಟ್ಟನ್ನು ಮೇಲ್ಮಿತಿಯಾಗಿ ನಮೂದಿಸಿ. ಇಲ್ಲವಾದರೆ ತೆಳು ಮೋಡಗಳೆಲ್ಲ ದಟ್ಟವಾಗಿ ಕಾಣುತ್ತವೆ.

ಕೊನೆಗೆ ಆಕಾಶವನ್ನು ಸಮಾನ ವಿಸ್ತೀರ್ಣದ ಕೋಶಗಳಾಗಿ ಹಂಚುವ ಹೀಲ್‌ಪಿಕ್ಸ್ ವಿಧಾನದಲ್ಲಿ, ಎನ್‌ಸೈಡ್ 16 ಇಟ್ಟು ಹಂಚಿ. ಒಂದು ಕೋಶ ಸುಮಾರು 3.7 ಡಿಗ್ರಿ. ಕೋಶದೊಳಗೆ ತಾರೆಗಳನ್ನು ದೂರದ ಕ್ರಮದಲ್ಲಿ ಇಡಿ. ದೂರ ಹೋದಂತೆ ಸಮಾನ ಅಗಲ ಏರಬೇಕು ಅಥವಾ ನಿಲ್ಲಬೇಕು. ಇಳಿದರೆ ಮೋಡ ಆ ಕೋಶಕ್ಕಿಂತ ಚಿಕ್ಕದು, ಇಲ್ಲವೇ ಅಳತೆ ತಪ್ಪು. ಖಾಲಿ ಕೋಶ ಖಾಲಿಯೇ ಇರಲಿ, ಪಕ್ಕದ ಬಣ್ಣ ಬಳಿದು ತುಂಬಬೇಡಿ.