ಚಹಾ, ತುಕ್ಕು, ಕಾಗದ, ಸೂಜಿ: ಬಟ್ಟೆಯ ಮೇಲೆ ಮಿಶ್ರ ಮಾಧ್ಯಮ ಕಲಿಸುವುದು ಹೇಗೆ?

‘ಒಂದು ದಿನದ ಮಿಕ್ಸೆಡ್ ಮೀಡಿಯಾ ಕಾರ್ಯಾಗಾರ, ಆಸಕ್ತರಿಗೆ ಸ್ವಾಗತ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದು ಸುಲಭ. ಹತ್ತು ಗಂಟೆಗೆ ಬಣ್ಣ ಬಳಿದ ಬಟ್ಟೆ ಮಧ್ಯಾಹ್ನವಾದರೂ ಒಣಗದೆ, ಬಂದವರೆಲ್ಲ ಸೂಜಿಗೆ ದಾರ ಪೋಣಿಸಿಕೊಂಡು ನಿಮ್ಮ ಮುಖ ನೋಡುತ್ತ ಕುಳಿತಾಗ ಕಷ್ಟ ಏನೆಂದು ಗೊತ್ತಾಗುತ್ತದೆ. ಬಟ್ಟೆಯನ್ನು ಆಧಾರವಾಗಿಟ್ಟುಕೊಂಡು ಅದರ ಮೇಲೆ ಬಣ್ಣ, ಕಾಗದ, ಹಳೆ ಸೀರೆಯ ತುಂಡು, ದಾರ, ಕನ್ನಡಿ ಎಲ್ಲವನ್ನೂ ಕೂಡಿಸುವ ಈ ಕಲೆಯಲ್ಲಿ ಒಂದೊಂದು ತಂತ್ರವೂ ಬಿಡಿಬಿಡಿಯಾಗಿ ಸರಳವೇ. ಯಾವುದಾದ ಮೇಲೆ ಯಾವುದು ಎಂಬುದರಲ್ಲೇ ಎಲ್ಲ ಇದೆ. ನನ್ನ ನಿಯಮ ಇಷ್ಟು: ನೀರು, ಗೋಂದು, ಬಣ್ಣದ ಕೆಲಸ ಊಟದೊಳಗೆ ಮುಗಿಯಬೇಕು; ಸೂಜಿ ಊಟವಾದ ಮೇಲೆ.

ಮೊದಲು ಪಟ್ಟಿಗೆ ಕತ್ತರಿ ಹಾಕಿ

ಹೊಸದಾಗಿ ಕಲಿಸಲು ಹೊರಟವರು ತಮಗೆ ಬರುವುದನ್ನೆಲ್ಲ ಒಂದೇ ದಿನಕ್ಕೆ ತುರುಕುತ್ತಾರೆ. ಬ್ಲಾಕ್ ಪ್ರಿಂಟ್, ಬಾಟಿಕ್, ಮಣಿ, ಕನ್ನಡಿ... ಬಂದವರು ಎಲ್ಲವನ್ನೂ ಮುಟ್ಟಿ, ಯಾವುದನ್ನೂ ಮುಗಿಸದೆ ಮನೆಗೆ ಹೋಗುತ್ತಾರೆ. ಮೂರು ಸಾಕು: ಬಟ್ಟೆಗೆ ಚಹಾ–ತುಕ್ಕಿನ ಬಣ್ಣ ಹಿಡಿಸುವುದು, ಕಾಗದ ಅಂಟಿಸುವುದು, ತುಂಡು ಜೋಡಿಸಿ ಹೊಲಿಯುವುದು. ಬಾಟಿಕ್ ಅಂತೂ ಮೊದಲ ದಿನದವರಿಗೆ ಬೇಡವೇ ಬೇಡ. ಉರಿಯುವ ಒಲೆ, ಕಾದ ಮೇಣ, ಇಳಿಬಿದ್ದ ಸೆರಗು ಒಂದೇ ಕೋಣೆಯಲ್ಲಿ ಇರಬಾರದು. ನೀವೊಬ್ಬರೇ ಕಲಿಸುವುದಾದರೆ ಹನ್ನೆರಡು ಜನರಿಗೆ ನಿಲ್ಲಿಸಿ.

ಸಾಮಾನು

ಒಬ್ಬರಿಗೆ 30×40 ಸೆಂ.ಮೀ. ಅಳತೆಯ ಬಿಳಿ ಕಾಟನ್ ಬಟ್ಟೆ ಎರಡು ತುಂಡು ಇರಲಿ, ಒಂದು ಕೆಟ್ಟರೆ ಇನ್ನೊಂದು. ಅಂಗಡಿಯಿಂದ ತಂದ ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಹೋಗದೆ ಬಣ್ಣ ಹಿಡಿಯುವುದಿಲ್ಲ. ಬಿಸಿನೀರು, ಸೋಪು ಹಾಕಿ ಹಿಂದಿನ ದಿನವೇ ಒಗೆದು ಒಣಗಿಸಿ. ಅಂಗಡಿಯವರು ‘ಪ್ಯೂರ್ ಕಾಟನ್’ ಎಂದರೂ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗಿ ಉದುರಿದರೆ ಹತ್ತಿ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್ ಇದೆ. ಅದು ಚಹಾವನ್ನೂ ಹೀರುವುದಿಲ್ಲ, ಬಿಸಿ ಇಸ್ತ್ರಿಯನ್ನೂ ತಡೆಯುವುದಿಲ್ಲ.

ಉಳಿದದ್ದು: 7ನೇ ನಂಬರಿನ ಕಸೂತಿ ಸೂಜಿ, ಆರೆಳೆಯ ದಾರ, ಗುಂಡುಪಿನ್, ಫೆವಿಕಾಲ್, ಅಗಲ ಬ್ರಷ್, ಟೇಬಲ್ಲಿಗೆ ಹಾಸಲು ಪ್ಲಾಸ್ಟಿಕ್, ಹಗ್ಗ, ಕ್ಲಿಪ್ಪು, ಎರಡು ಬಕೆಟ್. ಬಟ್ಟೆ ಕತ್ತರಿಸುವ ಕತ್ತರಿಗೆ ಕೆಂಪು ದಾರ ಕಟ್ಟಿಡಿ. ಅದರಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ, ಎಷ್ಟು ಸಲ ಹೇಳಿದರೂ ಯಾರಾದರೊಬ್ಬರು ಕತ್ತರಿಸಿಯೇ ತೀರುತ್ತಾರೆ.

ಬೆಳಗ್ಗೆ: ಚಹಾ ಮತ್ತು ತುಕ್ಕು

ಒಂದು ವಾರ ಮೊದಲೇ ಗಾಜಿನ ಬಾಟಲಿಯಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ಹಾಕಿ, ವಿನೆಗರ್ ಮತ್ತು ನೀರನ್ನು ಸಮಪಾಲು ಸುರಿದಿಡಿ. ಮುಚ್ಚಳ ಬಿಗಿಯಬೇಡಿ, ಒಳಗೆ ಅನಿಲ ಹುಟ್ಟುತ್ತದೆ. ಕಾರ್ಯಾಗಾರದ ಬೆಳಗ್ಗೆ ಲೀಟರ್ ನೀರಿಗೆ ಹತ್ತು ಚಮಚ ಚಹಾಪುಡಿ ಹಾಕಿ ಕುದಿಸಿ, ಸೋಸಿ, ಬಟ್ಟೆಗಳನ್ನು ಅರ್ಧ ಗಂಟೆ ನೆನೆಹಾಕಿ. ಬಂದವರು ಪರಿಚಯ ಹೇಳಿಕೊಳ್ಳುವಷ್ಟರಲ್ಲಿ ಅದು ಆಗಿರುತ್ತದೆ.

ಈಗ ಎಲ್ಲರನ್ನೂ ಒಂದು ಟೇಬಲ್ಲಿನ ಸುತ್ತ ನಿಲ್ಲಿಸಿ. ಹಿಂಡಿದ, ಇನ್ನೂ ತೇವವಿರುವ ಕಂದು ಬಟ್ಟೆಯನ್ನು ಹರಡಿ, ಬ್ರಷ್ಷನ್ನು ಮೊಳೆನೀರಿಗೆ ಅದ್ದಿ ಒಂದು ಗೆರೆ ಎಳೆಯಿರಿ. ಗೆರೆ ಬಿದ್ದಲ್ಲಿ ಕಂದು ಬಣ್ಣ ನೋಡನೋಡುತ್ತಿದ್ದಂತೆ ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗುತ್ತದೆ. ಅಂಚಿನಲ್ಲಿ ತೇವ ಹರಿದಷ್ಟು ದೂರ ಮಸುಕು ಹಬ್ಬುತ್ತದೆ. ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದಾಗ ಆಗುವುದಿದು. ‘ನನಗೆ ಚಿತ್ರ ಬರೋದಿಲ್ಲ ಮೇಡಂ’ ಎಂದವರೂ ಆ ಹೊತ್ತಿಗೆ ಬ್ರಷ್‌ಗೆ ಕೈ ಚಾಚಿರುತ್ತಾರೆ. ಪೆನ್ಸಿಲ್ ಮಾತ್ರ ಕೊಡಬೇಡಿ. ಕೊಟ್ಟರೆ ಎಲ್ಲರೂ ಗುಲಾಬಿ ಬರೆಯುತ್ತಾರೆ.

ಮಲೆನಾಡಿನಲ್ಲಿ ಕಲಿಸುವವರಿಗೆ ಚಹಾದ ಹಂಗೂ ಬೇಕಿಲ್ಲ. ಅಡಿಕೆ ಬೇಯಿಸಿದಾಗ ಸಿಗುವ ಚೊಗರು ಇನ್ನೂ ಗಾಢವಾದ ಕೆಂಗಂದು ಬಣ್ಣ ಕೊಡುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1996ರಲ್ಲಿ ಶುರುವಾದ ‘ಚರಕ’ ಮಹಿಳಾ ಸಹಕಾರ ಸಂಘ ತನ್ನ ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರನ್ನು ಬಳಸುತ್ತದೆ.

ಒಂದು ಎಚ್ಚರಿಕೆ. ಕಬ್ಬಿಣದ ನೀರು ಬಟ್ಟೆಯಲ್ಲೇ ಉಳಿದರೆ ಕಾಲಾಂತರದಲ್ಲಿ ಎಳೆಯನ್ನು ತಿಂದುಹಾಕುತ್ತದೆ. ಹತ್ತು ನಿಮಿಷವಾದ ಕೂಡಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಚೆನ್ನಾಗಿ ಜಾಲಿಸಿ ಹಗ್ಗಕ್ಕೆ ಹಾಕಿಸಿ. ಅಲ್ಲಿಗೆ ಹನ್ನೊಂದು ಗಂಟೆ ಆಗಿರಬೇಕು. ಜುಲೈ–ಆಗಸ್ಟ್‌ನಲ್ಲಿ ಮಲೆನಾಡಲ್ಲಿ, ಕರಾವಳಿಯಲ್ಲಿ ಹಗ್ಗವನ್ನು ನಂಬಬೇಡಿ, ಫ್ಯಾನ್ ಮತ್ತು ಇಸ್ತ್ರಿಪೆಟ್ಟಿಗೆಯನ್ನು ನಂಬಿ.

ಒಣಗುವಷ್ಟರಲ್ಲಿ ಕಾಗದ

ಹಳೆ ಪಂಚಾಂಗದ ಹಾಳೆ, ಮದುವೆ ಕರೆಯೋಲೆ, ಲೆಕ್ಕದ ಪುಸ್ತಕದ ಪುಟ, ತೆಳು ಟಿಶ್ಯೂ ಯಾವುದೂ ಆಗುತ್ತದೆ. ಪತ್ರಿಕೆಯ ಕಾಗದ ಬೇಗ ಹಳದಿ ತಿರುಗುತ್ತದೆ (ಪತ್ರಿಕೆಯಲ್ಲೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ). ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಮೇಲೆ ಹಾಸಿದ ತೆಳು ಮಲ್ ಬಟ್ಟೆಗೆ ಬಳಿದು, ಕಾಗದ ಕೂರಿಸಿ, ಮೇಲೆ ಇನ್ನೊಂದು ಸಲ ಬಳಿಯಬೇಕು. ಗೋಂದು ಮಂದವಾದರೆ ಒಣಗಿದ ಮೇಲೆ ಸೂಜಿ ಇಳಿಯುವುದಿಲ್ಲ.

ಇದು ಊಟದೊಳಗೆ ಒಣಗುವುದು ಅನುಮಾನ. ಹಾಗಾಗಿ ತಲೆಗೆ ಒಂದರಂತೆ ಒಣಗಿದ ತುಂಡುಗಳನ್ನು ಮನೆಯಲ್ಲೇ ಮಾಡಿ ತಂದಿರಿ. ಅವರು ಮಾಡಿದ್ದು ಹಗ್ಗದ ಮೇಲಿರಲಿ, ಮಧ್ಯಾಹ್ನ ನೀವು ತಂದದ್ದನ್ನು ಹೊಲಿಯಲಿ. ಟಿ.ವಿ. ಅಡುಗೆಯವರು ದಿನಾ ಮಾಡುವುದು ಇದನ್ನೇ, ಸಂಕೋಚ ಬೇಡ.

ಊಟದ ನಂತರ: ಕೌದಿಯ ಹೊಲಿಗೆ

ಚಹಾ ಬಟ್ಟೆ ಕೆಳಗೆ, ಕಾಗದದ ತುಂಡು ಮತ್ತು ಸೀರೆಯ ತುಂಡು ಮೇಲೆ. ಎಲ್ಲವನ್ನೂ ಪಿನ್ ಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ ಮೇಲೆಯೇ ಸೂಜಿ. ಹೊಲಿಗೆ ಒಂದೇ ಸಾಕು, ನಮ್ಮ ಅಜ್ಜಿಯರು ಹಳೆ ಬಟ್ಟೆಯ ಹೊದಿಕೆಯಾದ ಕೌದಿಗೆ ಹಾಕುತ್ತಿದ್ದ ದಾಟು ಹೊಲಿಗೆ (ರನ್ನಿಂಗ್ ಸ್ಟಿಚ್). ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಹಿಡಿದು, ಅಂಚನ್ನು ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡುಗಳ ಅಂಚನ್ನು ಮಡಚುತ್ತ, ಹೊಲಿಯುತ್ತ ಹೋಗುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂ ಇಡುತ್ತಾರೆ. ಅದೇ ಕ್ರಮವನ್ನು ಇಲ್ಲಿ ಹೇಳಿಕೊಡಿ. ಯಾರದ್ದೆಂದು ಹೆಸರು ಹೇಳಿಯೇ ಕೊಡಿ, ‘ಬೋಹೊ ಸ್ಟೈಲ್’ ಎಂಬ ಫ್ಯಾಷನ್ ಹೆಸರು ಅಂಟಿಸಬೇಡಿ. ಕನ್ನಡಿ ಕೂರಿಸುವುದಾದರೆ ಸಂಡೂರಿನ ಲಂಬಾಣಿ ಕಸೂತಿಯ ಬಗ್ಗೆಯೂ ಎರಡು ಮಾತು ಇರಲಿ.

ಕಾಗದದ ಮೇಲೆ ಹೊಲಿಗೆಯ ಅಂತರ ಅರ್ಧ ಸೆಂಟಿಮೀಟರ್‌ಗಿಂತ ಕಡಿಮೆ ಬೇಡ. ಒತ್ತಾದರೆ ಅಂಚೆಚೀಟಿಯ ಅಂಚಿನ ಹಾಗೆ ತೂತಿನ ಸಾಲಿನಲ್ಲೇ ಹರಿದು ಬರುತ್ತದೆ. ಬಿಚ್ಚಿದರೂ ತೂತು ಮುಚ್ಚುವುದಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಿ.

ಗುಂಪಿನಲ್ಲಿ ಧಾರವಾಡದ ಕಡೆಯ ಅಕ್ಕ ಒಬ್ಬರಿದ್ದರೆ ನಿಮಗಿಂತ ಚೆನ್ನಾಗಿ ಕಸೂತಿ ಬಲ್ಲವರಾಗಿರುತ್ತಾರೆ. ಅದು ನಿಮ್ಮ ಅದೃಷ್ಟ. ಅವರನ್ನೇ ಅರ್ಧ ಗಂಟೆ ಮಾತಾಡಿಸಿ, ಗಂಟು ಹಾಕದೆ ‘ಗವಂತಿ’ ಎಂಬ ಕಸೂತಿ ಹೊಲಿಗೆ ಶುರುಮಾಡುವುದು ಹೇಗೆಂದು ತೋರಿಸಲಿ. ಆದರೆ ಕಸೂತಿಯನ್ನು ಬಣ್ಣ ಬಳಿದ ಬಟ್ಟೆಯ ಮೇಲೆ ಹಾಕಿಸಲು ಹೋಗಬೇಡಿ. ಅದು ಎಳೆ ಎಣಿಸಿ ಮಾಡುವ ಕೆಲಸ, ಬಣ್ಣ ಗೋಂದು ಕುಡಿದ ಬಟ್ಟೆಯಲ್ಲಿ ಎಳೆ ಕಾಣುವುದಿಲ್ಲ. ಎಳೆ ಎಣಿಸಲು ಬರುವ ಮ್ಯಾಟಿ ಬಟ್ಟೆಯ ಸಣ್ಣ ತುಂಡಿನ ಮೇಲೆ ಗೋಪುರವನ್ನೋ ತುಳಸಿಕಟ್ಟೆಯನ್ನೋ ಹಾಕಿ, ಆ ತುಂಡನ್ನು ತಂದು ಜೋಡಿಸಿದರಾಯಿತು.

ಅಮ್ಮನ ಸೀರೆ ತಂದವರು

‘ಮನೆಯಿಂದ ಹಳೆ ಸೀರೆ ತನ್ನಿ’ ಎಂದರೆ ಕೆಲವರು ತೀರಿಹೋದ ಅಮ್ಮನ ಇಳಕಲ್ ಸೀರೆ ತರುತ್ತಾರೆ. ಕತ್ತರಿ ಕೈಗೆ ಬಂದಾಗ ಕೈ ನಿಲ್ಲುತ್ತದೆ. ಒತ್ತಾಯ ಮಾಡಬೇಡಿ, ಸೆರಗು, ಅಂಚು ಬಿಟ್ಟು ಒಡಲಿನ ಹರಿದ ಭಾಗದಿಂದ ಅಂಗೈಯಗಲ ತೆಗೆದರೆ ಸಾಕೆಂದು ಹೇಳಿ, ಅದೂ ಬೇಡವೆಂದರೆ ನಿಮ್ಮ ಚೀಲದ ತುಂಡು ಕೊಡಿ. ಒದ್ದೆ ಬಿಳಿ ಬಟ್ಟೆಯನ್ನು ಸೀರೆಯ ಮೇಲೆ ಒತ್ತಿ ನೋಡಿ; ಬಣ್ಣ ಅಂಟಿದರೆ ಅದು ತೇವದ ಹತ್ತಿರ ಹೋಗಬಾರದು. ಜರಿಗೆ ಇಸ್ತ್ರಿ ತಾಗಿಸಬೇಡಿ, ಈಗಿನ ಜರಿ ಬಹಳಷ್ಟು ಪ್ಲಾಸ್ಟಿಕ್, ಸುರುಟಿಕೊಳ್ಳುತ್ತದೆ.

ಶುಲ್ಕ

ಹನ್ನೆರಡು ಜನ ಬರುತ್ತಾರೆಂದು ಲೆಕ್ಕ ಹಾಕಬೇಡಿ, ಎಂಟಕ್ಕೆ ಹಾಕಿ. ಉದಾಹರಣೆಗೆ ಜಾಗದ ಬಾಡಿಗೆ 2400 ರೂಪಾಯಿ ಆದರೆ ತಲೆಗೆ 300. ಸಾಮಾನು 300, ಊಟ–ಚಹಾ 150. ನಿಮ್ಮ ಕೂಲಿ ಒಂದು ದಿನದ್ದಲ್ಲ, ಒಗೆದು ಕತ್ತರಿಸಿದ ದಿನ, ಕಲಿಸಿದ ದಿನ, ತೊಳೆದು ಎತ್ತಿಟ್ಟ ದಿನ ಸೇರಿ ಮೂರು. ದಿನಕ್ಕೆ 2000ದಂತೆ 6000 ಎಂದರೆ ತಲೆಗೆ 750. ಒಟ್ಟು 1500. ಪರಿಚಯದವರು ‘ಬಟ್ಟೆ ಚೂರಿಗೆ ಇಷ್ಟೊಂದಾ?’ ಎನ್ನುತ್ತಾರೆ, ಪಟ್ಟಿ ತೋರಿಸಿ.

ಹೊರಡುವ ಮೊದಲು

ಐದು ಗಂಟೆಗೆ ಅರ್ಧದಷ್ಟು ಜನರದ್ದು ಮುಗಿದಿರುವುದಿಲ್ಲ. ಆತುರದಲ್ಲಿ ಫೆವಿಕಾಲ್‌ನಿಂದ ಅಂಟಿಸಲು ಬಿಡಬೇಡಿ. ಸಡಿಲ ತುಂಡುಗಳನ್ನು ದೊಡ್ಡ ಟಾಕು ಹಾಕಿ ನಿಲ್ಲಿಸಿ, ಪಿನ್ನು ಎಣಿಸಿ ವಾಪಸ್ ಪಡೆದು, ಒಂದು ಸೂಜಿ ಮತ್ತು ಎರಡು ಮೊಳ ದಾರ ಜೊತೆಗೆ ಕಳಿಸಿ. ಮಡಚದೆ ರಟ್ಟಿನ ಕೊಳವೆಗೆ ಸುತ್ತಿ ಒಯ್ಯಲಿ. ಕಾಗದ ಇರುವುದರಿಂದ ಒಗೆಯುವಂತಿಲ್ಲ, ಇಸ್ತ್ರಿ ಹಿಂಬದಿಯಿಂದ ಮಾತ್ರ, ಬಿಸಿಲಿಗೆ ನೇತುಹಾಕಬಾರದು ಎಂದು ಚೀಟಿ ಬರೆದು ಕೈಗೆ ಕೊಡಿ. ಬಾಯಲ್ಲಿ ಹೇಳಿದ್ದು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಮರೆತಿರುತ್ತದೆ.