ಮೂರನೇ ಗೇರಿನಲ್ಲೇ ಕಲಿತ ಬ್ರ್ಯಾಂಡ್ಸ್ ಹ್ಯಾಚ್: ನನ್ನ ಅನುಭವ

ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನ ಇಂಡಿ ಅನ್ನುವ ರೇಸ್ ಟ್ರ್ಯಾಕಿನಲ್ಲಿ ನಮ್ಮ ಹಳೆಯ ಮರ್ಲಿನ್ ರೇಸ್ ಕಾರು 55.4 ಸೆಕೆಂಡಿಗೆ ಒಂದು ಸುತ್ತು ಮುಗಿಸಿದೆ. ಅಂಕಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಬರುವ ತನಕ, ಮೂರನೇ ಗೇರೊಂದರಲ್ಲೇ ಸುತ್ತಿ ಕಲಿಯುವ ನನ್ನ ವಿಧಾನವನ್ನು ನಂಬಿದವರು ಒಬ್ಬರೂ ಇರಲಿಲ್ಲ. ಹಿಸ್ಟಾರಿಕ್ ಫಾರ್ಮುಲಾ ಫೋರ್ಡ್‌ನಲ್ಲಿ, ಅಂದರೆ ಫೋರ್ಡ್ ಎಂಜಿನ್ನಿನ ಹಳೆಯ ಕಾರುಗಳ ರೇಸಿನಲ್ಲಿ, ಪಳಗಿದವರು ಇದೇ ತರದ ಕಾರಿನಲ್ಲಿ ಇನ್ನೂ ಎರಡು ಸೆಕೆಂಡಿಗೂ ಹೆಚ್ಚು ಬೇಗ ಹೋಗುತ್ತಾರೆ, ಗೊತ್ತು. ಆದರೆ ನಾನು ಶುರು ಮಾಡಿದ್ದು ಸುತ್ತಿಗೆ 62 ಸೆಕೆಂಡಿನಲ್ಲಿ, ನಲವತ್ತು ದಾಟಿದ ಮೇಲೆ.

ಕಾರು ಮರ್ಲಿನ್ ಮಾರ್ಕ್ 11ಎ. 1969ರಲ್ಲಿ ಎಮರ್ಸನ್ ಫಿಟಿಪಾಲ್ಡಿ ಬ್ರೆಜಿಲ್‌ನಿಂದ ಇಂಗ್ಲೆಂಡಿಗೆ ಬಂದು ಓಡಿಸಿದ ಮಾದರಿ. ಮೂರೇ ವರ್ಷದಲ್ಲಿ, 1972ಕ್ಕೆ, ಆತ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್. ಹುಡುಗನಾಗಿದ್ದಾಗ ಒಂದು ಹಳೆಯ ಪತ್ರಿಕೆಯಲ್ಲಿ ಈ ಕಾರಿನ ಕಪ್ಪು ಬಿಳುಪು ಫೋಟೋ ನೋಡಿದ್ದೆ. ರೆಕ್ಕೆ ಇಲ್ಲ, ಸಣಕಲು ಟೈರು, ಮಲಗಿದ ಹಾಗೆ ಕೂತ ಡ್ರೈವರ್. ಅವತ್ತಿನಿಂದ ಬೇರೆ ಯಾವ ಕಾರೂ ನನಗೆ ರೇಸ್ ಕಾರ್ ಅನ್ನಿಸಿಲ್ಲ.

ಒಬ್ಬನಿಗೆ ಕೊಳ್ಳುವ ಶಕ್ತಿ ಇರಲಿಲ್ಲ. ಕೆಲಸದ ಮೇಲೆ ಇಲ್ಲಿಗೆ ಬಂದು ನೆಲೆಸಿದ ಇನ್ನೊಬ್ಬ ಕನ್ನಡದ ಗೆಳೆಯನೂ ನಾನೂ ಅರ್ಧರ್ಧ ಹಾಕಿದೆವು. ಕಾರು, ಟ್ರೇಲರ್, ಎರಡು ಡಬ್ಬ ಬಿಡಿಭಾಗ ಎಲ್ಲ ಸೇರಿ 30,000 ಪೌಂಡ್ ದಾಟಿತು. ಅಷ್ಟಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆವು. ಸೀಟ್ ಬೆಲ್ಟ್‌ಗಳ ಅವಧಿ ಮುಗಿದಿತ್ತು, ಅಗ್ನಿಶಾಮಕದ ಬಾಟಲಿಯದೂ ಅಷ್ಟೇ. ಹೆಲ್ಮೆಟ್, ಸೂಟ್, ರೇಸ್ ಲೈಸೆನ್ಸಿಗೆ ಬೇಕಾದ ಆರ್ಡ್ಸ್ ಪರೀಕ್ಷೆ, ಲೈಸೆನ್ಸ್. ಚಕ್ರ ಹೊರಗೆ ಕಾಣುವ ಇಂಥ ಸಿಂಗಲ್ ಸೀಟರ್‌ಗೆ ಸ್ವಂತ ಕಾರು ತಂದು ಓಡಿಸುವ ಮಾಮೂಲಿ ಟ್ರ್ಯಾಕ್ ಡೇಗಳಲ್ಲಿ ಸಾಮಾನ್ಯವಾಗಿ ಪ್ರವೇಶ ಇರುವುದಿಲ್ಲ. ರೇಸ್ ಕಾರುಗಳ ಅಭ್ಯಾಸಕ್ಕೆಂದೇ ಇರುವ ಟೆಸ್ಟ್ ಡೇಗೇ ಹೋಗಬೇಕು, ಅದಕ್ಕೆ ರೇಸ್ ಲೈಸೆನ್ಸ್ ಬೇಕು. ಮೊದಲ ಸುತ್ತು ಹಾಕುವುದಕ್ಕೂ ಮುಂಚೆ ಇನ್ನೊಂದು 4,000 ಪೌಂಡ್ ಕರಗಿತ್ತು.

ಮೊದಲ ದಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಟೈರು ಬಿಸಿಯಾಗಿರಲಿಲ್ಲ. ಪ್ಯಾಡಕ್ ಹಿಲ್‌ನಲ್ಲಿ ತಿರುವು ಕಣ್ಣಿಗೆ ಕಾಣುವ ಮೊದಲೇ ನೆಲ ಕೆಳಗೆ ಇಳಿಯುತ್ತದಲ್ಲ, ಅಲ್ಲಿ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಹಿಂಭಾಗ ಮುಂದೆ ಬಂತು. ಎರಡು ಸುತ್ತು ತಿರುಗಿ ಜಲ್ಲಿಗೆ ಇಳಿದೆ. ಕಾರಿಗೆ ಏನೂ ಆಗಲಿಲ್ಲ. ಜಲ್ಲಿ ಮಾತ್ರ ತಳದಲ್ಲೆಲ್ಲ ಸಿಕ್ಕಿ, ತೆಗೆಯಲು ಒಂದು ಶನಿವಾರ ಪೂರ್ತಿ ಹಿಡಿಯಿತು.

ಎರಡನೆಯ ದಿನ ನಿಜವಾದ ಪೆಟ್ಟು ಬಿತ್ತು. ಡ್ರೂಯಿಡ್ಸ್ ತಿರುವಿಗೆ ಗುಡ್ಡ ಏರುತ್ತಾ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಬೇಕು, ಅದೇ ಹೊತ್ತಿಗೆ ಬ್ರೇಕ್ ಹಿಡಿಯಬೇಕು, ಆಕ್ಸಿಲರೇಟರ್ ಒಮ್ಮೆ ತಟ್ಟಿ ಬ್ಲಿಪ್ ಕೊಡಬೇಕು, ತಿರುಗಿಸಬೇಕು. ನನಗೆ ಎಲ್ಲವೂ ಒಟ್ಟಿಗೆ ಬರುತ್ತಿತ್ತು, ಯಾವುದೂ ಸರಿಯಾಗಿ ಬರುತ್ತಿರಲಿಲ್ಲ. ಹ್ಯೂಲ್ಯಾಂಡ್ ಮಾರ್ಕ್ 9 ಗೇರ್‌ಬಾಕ್ಸ್ ಇಟ್ಟವರಿಗೆ ಗೊತ್ತು, ಗೇರನ್ನು ಹಿಡಿದಿಡುವ ಡಾಗ್ ರಿಂಗ್ ಹತ್ತು ತಪ್ಪನ್ನು ಸಹಿಸುತ್ತದೆ, ಹನ್ನೊಂದನೆಯದಕ್ಕೆ ಗೇರು ತಾನಾಗಿ ಹೊರಗೆ ಜಿಗಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಎರಡನೇ ಗೇರು ನಿಲ್ಲುತ್ತಿರಲಿಲ್ಲ. ಅದನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಓಡಿಸಿದೆ. ಆ ಗಡಿಬಿಡಿಯಲ್ಲಿ ಬ್ರಾಭಮ್ ಸ್ಟ್ರೇಟ್ ಅನ್ನುವ ನೇರ ಹಾದಿಯ ಕೊನೆಯಲ್ಲಿ ನಾಲ್ಕರಿಂದ ಮೂರಕ್ಕೆ ಬದಲು ಎರಡಕ್ಕೆ ಹಾಕಿದೆ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ತೋರಿಸುವ ಟ್ಯಾಕೋ ಮುಳ್ಳು ಎಲ್ಲಿಗೆ ಹೋಯಿತೋ ನೋಡಲಿಲ್ಲ. ಶಬ್ದ ಸಾಕಾಗಿತ್ತು.

ನಾಲ್ಕು ವಾಲ್ವ್ ಬಾಗಿದ್ದವು, ಒಂದು ಪಿಸ್ಟನ್ ಪೆಟ್ಟು ತಿಂದಿತ್ತು. ಎಂಜಿನ್ ಮತ್ತೆ ಕಟ್ಟಿಸಲು 4,000 ಪೌಂಡ್ ಚಿಲ್ಲರೆ, ಗೇರ್‌ಬಾಕ್ಸ್‌ಗೆ ಸುಮಾರು 700. ಫಾರ್ಮುಲಾ ಫೋರ್ಡ್‌ನ ಮೊಟ್ಟಮೊದಲ ರೇಸ್ ನಡೆದದ್ದು ಇದೇ ಟ್ರ್ಯಾಕಿನಲ್ಲಿ, 1967ರ ಜುಲೈ 2ರಂದು. ಆಗ ಇಡೀ ಕಾರನ್ನೇ 1,000 ಪೌಂಡಿಗೆ ಕೊಡಬೇಕು ಅನ್ನುವುದು ಲೆಕ್ಕಾಚಾರ. ಕೊರ್ಟಿನಾ ಕಾರಿನ ಎಂಜಿನ್, ರಸ್ತೆಯ ಟೈರು, ಬಡ ಹುಡುಗರೂ ರೇಸ್ ಕಲಿಯಲಿ ಅಂತ. ನನ್ನ ಒಂದು ತಪ್ಪಿನ ಬೆಲೆ ಆಗಿನ ನಾಲ್ಕು ಕಾರು. ಇದು ಗೆಳೆಯನ ದುಡ್ಡೂ ಹೌದು ಅನ್ನುವುದು ನನ್ನನ್ನು ಹೆಚ್ಚು ಕಾಡಿತು. ಅವನು ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟ.

ಎಂಜಿನ್ ಕಟ್ಟಿಸಿದ್ದರಲ್ಲೂ ಒಂದು ತಿಂಗಳು ದಂಡವಾಯಿತು. ಮೊದಲು ಕೊಟ್ಟವರು ಬೇರೆ ಕೆಲಸಗಳ ನಡುವೆ ನಮ್ಮದನ್ನು ಮೂಲೆಗೆ ಹಾಕಿದ್ದರು, ವಾಪಸ್ ಬಂದಾಗ ಆಯಿಲ್ ಪ್ರೆಷರ್ ನಿಲ್ಲುತ್ತಿರಲಿಲ್ಲ. ಎರಡನೆಯವರು ಬಿಚ್ಚಿ ಬೇರಿಂಗ್ ಬದಲಿಸಿದರು. ಕೆಂಟ್ ಅನ್ನುವ ಈ ಫೋರ್ಡ್ ಎಂಜಿನ್ ಸರಳ ಅನ್ನುತ್ತಾರೆ, ನಿಜ. ಆದರೆ ಸರಳವಾದದ್ದನ್ನು ಅಸಡ್ಡೆಯಿಂದ ಕಟ್ಟುವುದೂ ಸುಲಭ.

ಆ ಚಳಿಗಾಲದಲ್ಲಿ ಕೂತು ಯೋಚಿಸಿದೆ. ನನ್ನ ತಲೆ ಒಂದು ಸಲಕ್ಕೆ ಒಂದೇ ಕೆಲಸ ಕಲಿಯುತ್ತದೆ. ಕಾರಿನಲ್ಲಿ ಹೆಚ್ಚು ದುಡ್ಡು ತಿನ್ನುವುದು ಗೇರು. ಹಾಗಿದ್ದರೆ ಗೇರನ್ನು ಕೊನೆಗೆ ಕಲಿಯೋಣ. ಪಿಟ್‌ನಿಂದ ಹೊರಟು ಮೂರನೇ ಗೇರಿಗೆ ಹಾಕಿದ ಮೇಲೆ ವಾಪಸ್ ಬರುವ ತನಕ ಲಿವರ್ ಮುಟ್ಟಬಾರದು. ಬ್ರೇಕೂ ಆದಷ್ಟು ಕಡಿಮೆ.

"ನಿನಗೇನು ತಲೆ ಕೆಟ್ಟಿದೆಯೇನೋ? ಮುನ್ನೂರೈವತ್ತು ಪೌಂಡ್ ಕೊಟ್ಟು ಮೂರನೇ ಗೇರಲ್ಲಿ ಸುತ್ತು ಹೊಡೆಯೋಕಾ?" ಅಂದ ಗೆಳೆಯ.

"ಮೂರು ದಿನ ಬಿಟ್ಟು ನೋಡು ಮಾರಾಯ. ಆಮೇಲೂ ಹೀಗೇ ಅಂದರೆ ನಿಲ್ಲಿಸ್ತೀನಿ."

ಪಕ್ಕದ ಗ್ಯಾರೇಜಿನಲ್ಲಿದ್ದ, ಎಪ್ಪತ್ತರ ದಶಕದಿಂದ ಈ ಕಾರುಗಳನ್ನು ಬಲ್ಲ ಹಿರಿಯ ಮೆಕ್ಯಾನಿಕ್ ಕೂಡ ತಲೆ ಅಲ್ಲಾಡಿಸಿದರು. ಡ್ರೂಯಿಡ್ಸ್‌ನಲ್ಲಿ ಎಂಜಿನ್ ಉಸಿರು ಕಟ್ಟುತ್ತದೆ, ಏನೂ ಕಲಿಯುವುದಿಲ್ಲ, ಹಿಂದಿನಿಂದ ಯಾರಾದರೂ ಬಂದು ಗುದ್ದುತ್ತಾರೆ ಅಂದರು. ಮೂರನೆಯದು ಸರಿಯಾದ ಭಯ. ಅದಕ್ಕೆ ಎರಡು ಕನ್ನಡಿಗೂ ದೊಡ್ಡ ಗಾಜು ಹಾಕಿಸಿದೆ, ಸ್ಟ್ರೇಟ್‌ನಲ್ಲಿ ಒಂದೇ ಬದಿ ಹಿಡಿದು ಹೋಗುತ್ತಿದ್ದೆ, ವೇಗದವರಿಗೆ ಕೈ ತೋರಿಸಿ ದಾರಿ ಬಿಡುತ್ತಿದ್ದೆ. ಇದನ್ನು ಮಾಡುವವರು ಇಷ್ಟನ್ನಂತೂ ಮಾಡಲೇಬೇಕು.

ಎಂಜಿನ್ ಉಸಿರು ಕಟ್ಟುತ್ತದೆ ಅಂದದ್ದೂ ನಿಜ. ಆದರೆ ನನಗೆ ಪಾಠ ಹೇಳಿದ್ದೇ ಅದು. ಡ್ರೂಯಿಡ್ಸ್‌ನಲ್ಲಿ ನಿಧಾನ ಮಾಡಿದರೆ ಎಂಜಿನ್ ನಿಮಿಷಕ್ಕೆ 2,900 ಸುತ್ತಿಗೆ ಬೀಳುತ್ತದೆ. ಅಲ್ಲಿಂದ ಆ ವೆಬರ್ ಕಾರ್ಬುರೇಟರ್ ಕೆಮ್ಮಿ, ಗೊಣಗಿ, ಗ್ರಹಾಂ ಹಿಲ್ ಬೆಂಡ್ ತನಕ ಇಳಿಜಾರಿನಲ್ಲೂ ಎದ್ದೇಳುವುದಿಲ್ಲ. ಎರಡನೇ ಗೇರು ಇದ್ದಿದ್ದರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು. ಇಲ್ಲಿ ಮುಂದಿನ ಎಂಟು ಸೆಕೆಂಡೂ ಕಿವಿಗೆ ಬೀಳುತ್ತಿತ್ತು. ವೇಗ ಕಳೆದುಕೊಳ್ಳಬಾರದು ಅನ್ನುವುದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ಮೈಗೆ ಹತ್ತಿದ್ದು ಈಗ.

ಇನ್ನೊಂದು ಲಾಭ ನಾನು ಮೊದಲು ಎಣಿಸಿರಲಿಲ್ಲ. ಗೇರು ಒಂದೇ ಆದರೆ ಟ್ಯಾಕೋಮೀಟರೇ ಸ್ಪೀಡೋಮೀಟರ್. ಪ್ರತಿ ತಿರುವಿನ ಒಳಮೂಲೆಯಲ್ಲಿ ಮುಳ್ಳು ಎಲ್ಲಿತ್ತು ಅಂತ ನೋಡಿಕೊಂಡು, ಪಿಟ್‌ಗೆ ಬಂದ ಕೂಡಲೇ ಪುಸ್ತಕದಲ್ಲಿ ಬರೆಯುತ್ತಿದ್ದೆ. ಸೆನ್ಸರ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಈ ವಿಧಾನದ ಮೊದಲ ದಿನ ಪ್ಯಾಡಕ್ 5,100, ಡ್ರೂಯಿಡ್ಸ್ 2,900, ಗ್ರಹಾಂ ಹಿಲ್ 4,500, ಕ್ಲಿಯರ್‌ವೇಸ್ 4,700 ಆಸುಪಾಸು. ಮೂರನೆಯ ದಿನದ ಕೊನೆಗೆ 5,800, 3,400, 5,000, 5,200. ನಮ್ಮ ಮೂರನೇ ಗೇರಿನಲ್ಲಿ 6,500ಕ್ಕೆ ಗಂಟೆಗೆ 145 ಕಿಲೋಮೀಟರ್ ಬರುತ್ತದೆ, ಲೆಕ್ಕ ಹಾಕಿಕೊಳ್ಳಿ. ಪ್ಯಾಡಕ್‌ನಲ್ಲಿ ಹದಿನೈದು ಕಿಲೋಮೀಟರ್ ಹೆಚ್ಚು, ಅದೂ ನಾನು ತಿರುಗಿಬಿದ್ದ ಅದೇ ಜಾಗದಲ್ಲಿ.

ಅಲ್ಲಿ ಆಗಿದ್ದೇನೆಂದರೆ, ಕೈಗೂ ಎಡಗಾಲಿಗೂ ಕೆಲಸವಿಲ್ಲದೆ ಕಣ್ಣಿಗೆ ಬಿಡುವು ಸಿಕ್ಕಿತು. ಇಳಿಜಾರಿನ ಬುಡದಲ್ಲಿ ಕಾರು ನೆಲಕ್ಕೆ ಒತ್ತಿ ಕೂರುವ ಒಂದು ಕ್ಷಣ ಇದೆ. ಅದಕ್ಕೂ ಮೊದಲೇ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಿದ್ದರೆ ಹಿಂಭಾಗ ಅಲುಗುವುದಿಲ್ಲ. ಎಷ್ಟು ಒತ್ತಬೇಕು ಅನ್ನುವುದನ್ನು ಬರೆದು ತಿಳಿಸಲು ಆಗುವುದಿಲ್ಲ, ಪೃಷ್ಠಕ್ಕೇ ಗೊತ್ತಾಗಬೇಕು. ಕ್ಲಿಯರ್‌ವೇಸ್‌ಗೆ ತಿರುಗಲು ನಾನು ಇಟ್ಟುಕೊಂಡ ಗುರುತು ಮಾತ್ರ ಹೇಳುವುದಿಲ್ಲ. ಅದನ್ನು ಹುಡುಕಲು ನನಗೆ ಒಂದು ಸೆಟ್ ಟೈರು ಖರ್ಚಾಗಿದೆ. ಟೈರಿನ ಗಾಳಿಯ ಅಂಕಿಯೂ ನನ್ನಲ್ಲೇ ಇರಲಿ.

ಪೃಷ್ಠದ ಮಾತು ಬಂತು, ಸೀಟಿನ ವಿಷಯವನ್ನೂ ಹೇಳಿಬಿಡಬೇಕು. ಎರಡು ದ್ರಾವಣ ಬೆರೆಸಿ ಕಸದ ಚೀಲದಲ್ಲಿ ಸುರಿದು, ಅದರ ಮೇಲೆ ಕೂತು ಫೋಮ್ ಸೀಟು ಮಾಡಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಮೊದಲ ಸಲ ಚೀಲ ಹರಿದು ಫೋಮ್ ಚಾಸಿಯ ಕೊಳವೆಗಳಿಗೆ ಅಂಟಿತು. ಎರಡನೆಯ ಸಲ ನಾನು ಬರೀ ಅಂಗಿಯಲ್ಲಿ ಕೂತಿದ್ದೆ. ಆಮೇಲೆ ರೇಸ್ ಸೂಟ್ ಹಾಕಿದಾಗ ಭುಜ ಹಿಡಿಸಲಿಲ್ಲ. ಮೂರನೆಯ ಸಲ ಪೂರ್ತಿ ಸೂಟ್, ಬೂಟು, ಬಿಗಿದ ಬೆಲ್ಟ್ ಸಮೇತ ಇಪ್ಪತ್ತು ನಿಮಿಷ ಅಲುಗದೆ ಕೂತೆ. ಒಟ್ಟು ಖರ್ಚು 150 ಪೌಂಡ್ ಇರಬಹುದು. ಸೊಂಟ ಗಟ್ಟಿಯಾಗಿ ಕೂತ ಮೇಲೆ ಸ್ಟಿಯರಿಂಗ್ ಹಿಡಿದು ಜೋತುಬೀಳುವುದು ನಿಂತಿತು. ನನ್ನ ಪ್ರಕಾರ ಇಡೀ ಕಾರಿನಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ವೇಗ ಬೇರೆಲ್ಲೂ ಸಿಗುವುದಿಲ್ಲ.

ಟ್ಯಾಕೋಮೀಟರ್‌ಗೆ ಟೇಪ್ ಅಂಟಿಸಿ ಶಬ್ದದಿಂದಲೇ ಓಡಿಸುವ ಪ್ರಯೋಗವನ್ನೂ ಮಾಡಿದೆ. ಹತ್ತು ಸುತ್ತಿಗೆ ಬಿಟ್ಟೆ. ಪಕ್ಕದಲ್ಲಿ ಬೇರೆ ಕಾರು ಬಂದರೆ ಯಾರ ಎಂಜಿನ್ ಯಾವುದು ತಿಳಿಯುವುದಿಲ್ಲ, ಮತ್ತೊಂದು ಸಲ 4,000 ಪೌಂಡ್ ಕೊಡುವ ಧೈರ್ಯ ನನಗಿಲ್ಲ.

ಮೂರನೇ ಗೇರು ಮಾತ್ರ ಬಳಸಿ, ಸ್ಟ್ರೇಟ್‌ನಲ್ಲಿ 6,300ಕ್ಕೆ ತಡೆದು ಹಿಡಿದೂ, ಮೂರನೆಯ ದಿನ 57.3 ಬಂತು. ನಾಲ್ಕೂ ಗೇರು ಬಳಸಿ ಹಿಂದಿನ ವರ್ಷ ನಾನು ಮಾಡಿದ ಅತ್ಯುತ್ತಮ 59ರ ಹತ್ತಿರ. ಗೆಳೆಯ ಸ್ಟಾಪ್‌ವಾಚ್ ಹಿಡಿದು ಪಿಟ್ ಗೋಡೆಯ ಮೇಲೆ ನಿಂತಿದ್ದ. ವಾಚ್ ಕೆಟ್ಟಿದೆ ಅಂದುಕೊಂಡು ಇನ್ನೆರಡು ಸುತ್ತು ನೋಡಿದನಂತೆ. ಊಟದ ಬಿಡುವಿನಲ್ಲಿ ಹಿರಿಯ ಮೆಕ್ಯಾನಿಕ್ ಬಂದು ನನ್ನ ಪುಸ್ತಕ ಕೇಳಿ ತೆಗೆದುಕೊಂಡು, ಅಂಕಿಗಳನ್ನು ನಿಧಾನವಾಗಿ ಓದಿದರು. ಹೊಗಳಲಿಲ್ಲ. ಎಂಜಿನ್ ಕವರ್ ತೆಗೆದು ಕಾರ್ಬುರೇಟರ್ ಜೆಟ್ ತಾವೇ ಬದಲಿಸಿಕೊಟ್ಟರು, ಕೆಮ್ಮು ಅರ್ಧ ಕಡಿಮೆಯಾಯಿತು. ನನಗೆ ಅಷ್ಟು ಸಾಕಾಗಿತ್ತು.

ನಾಲ್ಕನೆಯ ದಿನ ನಾಲ್ಕನೇ ಗೇರು ಸೇರಿಸಿದೆ, ಸ್ಟಾರ್ಟ್ ಗೆರೆಗೂ ಮುಂಚೆ ಏರಿಸಿ ಪ್ಯಾಡಕ್‌ಗೆ ಮೊದಲು ಇಳಿಸುವುದು ಮಾತ್ರ. ಸುತ್ತಿಗೆ ಎರಡೇ ಬದಲಾವಣೆ. ಇಳಿಸುವಾಗ ಕ್ಲಚ್ ಒತ್ತಿ, ಬ್ಲಿಪ್ ಕೊಟ್ಟು, ಆತುರ ಇಲ್ಲದೆ. ಕ್ಲಚ್ ಇಲ್ಲದೆ ಇಳಿಸಿದರೆ ಬೇಗ ಅನ್ನುವವರು ಬಹಳ. ಬೇಗವೇ ಇರಬಹುದು, ಆದರೆ ಡಾಗ್ ರಿಂಗ್ ಬಿಲ್ ಕಟ್ಟುವವನು ನಾನು. 56.1 ಬಂತು. ಐದನೆಯ ದಿನ ಬ್ರೇಕನ್ನು ಗಟ್ಟಿಯಾಗಿ, ತಡವಾಗಿ ಹಿಡಿಯಲು ಶುರುಮಾಡಿದೆ. ಆಗ ಬಂದದ್ದು 55.4.

ಕೊನೆಗೆ ಡ್ರೂಯಿಡ್ಸ್‌ಗೆ ಎರಡನೇ ಗೇರನ್ನೂ ಸೇರಿಸಿ ನೋಡಿದೆ. ಹದಿನೈದು ಸುತ್ತಿನಲ್ಲಿ ಒಂದು ಸಲವೂ 55.4ಕ್ಕಿಂತ ಕೆಳಗೆ ಇಳಿಯಲಿಲ್ಲ. ಗುಡ್ಡದಿಂದ ಹೊರಬರುವಾಗ ಎಳೆತ ಚೆನ್ನಾಗಿರುತ್ತದೆ, ಆದರೆ ಇಳಿಸುವ ಗಡಿಬಿಡಿಯಲ್ಲಿ ಒಳಗೆ ಹೋಗುವ ವೇಗ ಕಳೆಯುತ್ತದೆ, ಮತ್ತೆ ತಿರುವು ಮುಗಿಯುತ್ತಲೇ ಮೂರಕ್ಕೆ ಏರಿಸಬೇಕು. ಪಳಗಿದವರಿಗೆ ಲಾಭ ಇದ್ದೀತು, ನನಗಿಲ್ಲ. ಅದರ ಬದಲು ಮೂರನೇ ಗೇರನ್ನೇ ಸ್ವಲ್ಪ ಗಿಡ್ಡ ಮಾಡಿದರೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗುವ ಹಾಗೆ ಮಾಡಿದರೆ ಹೇಗೆ ಅಂತ ಹ್ಯೂಲ್ಯಾಂಡ್‌ನ ಹಿಂಬದಿ ಬಿಚ್ಚಿ ಬೇರೆ ಗೇರು ಚಕ್ರಗಳ ಜೋಡಿ ಹಾಕಿದೆವು. ಡ್ರೂಯಿಡ್ಸ್ ಸೊಗಸಾಯಿತು. ಆದರೆ ಕೂಪರ್ ಸ್ಟ್ರೇಟ್‌ನಲ್ಲಿ ಸರ್ಟೀಸ್ ತಿರುವಿಗೆ ಮುಂಚೆಯೇ ಎಂಜಿನ್ ತಿರುಗುವ ಮಿತಿ ಮುಗಿದು, ಅಲ್ಲೊಂದು ಬದಲಾವಣೆ ಹೆಚ್ಚಾಯಿತು. ಹಳೆಯ ಜೋಡಿಯನ್ನೇ ವಾಪಸ್ ಹಾಕಿದೆವು.

ಐದು ಟೆಸ್ಟ್ ಡೇಗೆ 1,750 ಪೌಂಡ್, ಟೈರು, ಪೆಟ್ರೋಲ್, ಓಡಾಟ ಸೇರಿ ಸುಮಾರು 3,200 ಆಗಿರಬೇಕು. ಎರಡು ದಿನದಲ್ಲಿ ಹಿಂದಿನ ವರ್ಷ ಸುಟ್ಟದ್ದಕ್ಕಿಂತ ಕಡಿಮೆ. ಈಗ ಗೆಳೆಯನೂ ಮೂರನೇ ಗೇರಿನಲ್ಲಿ ಸುತ್ತುತ್ತಿದ್ದಾನೆ. ಒಂದೇ ದಿನಕ್ಕೆ ಅವನಿಗೆ ಒಂದೂಕಾಲು ಸೆಕೆಂಡ್ ಸಿಕ್ಕಿದೆ. ಡ್ರೂಯಿಡ್ಸ್‌ನಲ್ಲಿ ಅವನ ಅಂಕಿ ಈಗಾಗಲೇ 3,300.

ಸೀಸನ್ ಮುಗಿದ ಮೇಲೆ ಗೇರ್‌ಬಾಕ್ಸ್ ಬಿಚ್ಚಿದೆವು. ದುಡ್ಡು ಎತ್ತಿಟ್ಟುಕೊಂಡೇ ಬಿಚ್ಚಿದ್ದೆವು. ಹಿರಿಯರು ಒಂದೊಂದೇ ಡಾಗ್ ರಿಂಗ್ ಒರೆಸಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಮೂಲೆ ಸವರಿ ನೋಡಿದರು. ಎಲ್ಲ ಮೂಲೆಗಳೂ ಚೂಪಾಗಿಯೇ ಇದ್ದವು. ಒಂದನ್ನೂ ಬದಲಿಸದೆ ವಾಪಸ್ ಜೋಡಿಸಿ, ಹೊಸ ಆಯಿಲ್ ಸುರಿದು ಮುಚ್ಚಿದರು.